ಮಾಸ್ಟರ್ ಸಿಲಿಂಡರ್ ಹೊಸದಂತೆ, ನೋಡಿದರೆ ಬಣ್ಣ ಮಾತ್ರ ಹೊಸದು!

ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆ ವಿದ್ಯಾನಗರದವನು. ಸಹಕಾರಿ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಮನೆ ಮುಂದೆ 1984ರ ಪ್ರೀಮಿಯರ್ ಪದ್ಮಿನಿ ಒಂದಿದೆ. ಪದ್ಮಿನಿ ಅನ್ನುವುದು ಕಾಗದದಲ್ಲಿ ಮಾತ್ರ, ನಮ್ಮ ಓಣಿಯಲ್ಲಿ ಅದು ಫಿಯಟ್ಟೇ. ನಿಮ್ಮ ಪತ್ರಿಕೆಗೆ ರಸ್ತೆ ಗುಂಡಿ, ಬೀದಿ ನಾಯಿ, ನಲ್ಲಿ ನೀರಿನ ಬಗ್ಗೆ ಜನ ಬರೆಯುತ್ತಲೇ ಇರುತ್ತಾರೆ. ಗ್ಯಾರೇಜ್ ಬಿಲ್ಲಿನ ಬಗ್ಗೆ ಯಾರೂ ಬರೆದದ್ದು ನಾನಂತೂ ನೋಡಿಲ್ಲ. ಪತ್ರ ಉದ್ದವಾದರೆ ಕತ್ತರಿಸಿಕೊಳ್ಳಿ, ಲೆಕ್ಕದ ಭಾಗ ಮಾತ್ರ ಬಿಡಬೇಡಿ.

ಮೊದಲು ಗಾಡಿ ಹೇಗೆ ಬಂತು ಅಂತ ಹೇಳುತ್ತೇನೆ, ಅದಕ್ಕೂ ಬಿಲ್ಲಿಗೂ ಸಂಬಂಧ ಇದೆ. ನಮ್ಮ ತಂದೆ ಇಲ್ಲಿನ ಒಂದು ದಲಾಲಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. 1993ರಲ್ಲಿ ಮಂಡಿ ಸಾಹುಕಾರರು ಮಾರುತಿ ತಗೊಂಡರು, ಈ ಗಾಡಿಯನ್ನು ತಂದೆಗೆ ಕೊಟ್ಟು ದುಡ್ಡನ್ನು ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಂಡರು. ತಂದೆ ದಿನಪೂರ್ತಿ ಮಾಡುತ್ತಿದ್ದ ಕೆಲಸ ಅಂದರೆ ರೈತರಿಗೆ ಪಟ್ಟಿ ಬರೆಯುವುದು. ಇಷ್ಟು ಚೀಲ, ಇಷ್ಟು ತೂಕ, ಈ ದರ, ಹಮಾಲಿ ಇಷ್ಟು, ತೂಕದ ಕೂಲಿ ಇಷ್ಟು, ಎಲ್ಲ ಕಳೆದು ಕೈಗೆ ಇಷ್ಟು. ಓದಲು ಬರದ ರೈತ ಕೂಡ ಒಂದೊಂದು ಸಾಲಿನ ಮೇಲೆ ಬೆರಳಿಟ್ಟು "ಇದೇನ್ರೀ, ಇದ್ಯಾಕ್ರೀ" ಅಂತ ಕೇಳುತ್ತಿದ್ದ. ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಿತ್ತು. ಮಂಡಿಯಲ್ಲಿ ಮೋಸ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಮೋಸ ಮಾಡಬೇಕಿದ್ದರೂ ಯಾವುದಾದರೂ ಒಂದು ಸಾಲಿನಲ್ಲಿ ಬರೆದೇ ಮಾಡಬೇಕಿತ್ತು, ಅಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ತಗೊಂಡು ಹೋಗಿ ಆರ್‌ಸಿ ನವೀಕರಿಸಬೇಕು. ನನ್ನದು ಈ ವರ್ಷ ಇದೆ. ಅಷ್ಟರಲ್ಲಿ ಬ್ರೇಕ್ ಪೆಡಲ್ ಕೆಳಗೆ ಇಳಿಯಲು ಶುರುವಾಯಿತು. ಒತ್ತಿದರೆ ಹಿಡಿಯುತ್ತದೆ, ಒತ್ತಿಕೊಂಡೇ ಇದ್ದರೆ ಮೆಲ್ಲಗೆ ತಳಕ್ಕೆ ಹೋಗುತ್ತದೆ. ನಾಲ್ಕು ಚಕ್ರದ ಹತ್ತಿರವೂ ಬಗ್ಗಿ ನೋಡಿದೆ. ಎಲ್ಲೂ ಎಣ್ಣೆ ಸೋರಿದ ಗುರುತಿಲ್ಲ.

ನಮ್ಮ ಹಳೆ ಮೇಸ್ತ್ರಿ ಆಗ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದರು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾ, ಸಾಕು ಆ ಮರದ ಕೆಳಗಿನ ರಿಪೇರಿ, ಸರಿಯಾಗಿ ಬಿಲ್ ಕೊಡೋ ಕಡೆ ಬಿಡು" ಅಂದ. ಅವನ ಮಾತಲ್ಲಿ ತಪ್ಪಿರಲಿಲ್ಲ. ಊರಿನ ಒಂದು ದೊಡ್ಡ ಗ್ಯಾರೇಜಿಗೆ ಬಿಟ್ಟೆ. ಹೆಸರು ಬರೆಯುವುದಿಲ್ಲ, ಅವರೊಬ್ಬರದ್ದೇ ಕಥೆ ಅಲ್ಲ ಇದು. ಗಾಜಿನ ಬಾಗಿಲು, ಎಸಿ, ಕೂರಲು ಸೋಫಾ, ಕುಡಿಯಲು ಲೆಮನ್ ಟೀ. ಹತ್ತೊಂಬತ್ತು ದಿನ ಇಟ್ಟುಕೊಂಡರು. ಕೇಳಿದಾಗಲೆಲ್ಲ "ಸ್ಪೇರ್ ಸಿಗ್ತಿಲ್ಲ ಸಾರ್, ಬಾಂಬೆಯಿಂದ ಬರಬೇಕು". ಪೂರ್ತಿ ಸುಳ್ಳೂ ಅಲ್ಲ ಅದು. ಕುರ್ಲಾದಲ್ಲಿ ಈ ಗಾಡಿ ತಯಾರಾಗುವುದು ನಿಂತು ಇಪ್ಪತ್ತು ವರ್ಷದ ಮೇಲಾಯಿತು, ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್‌ಗೆ ರಸ್ತೆ ಬಿಟ್ಟವು. ಟ್ಯಾಕ್ಸಿ ಓಡುವ ತನಕ ಸಾಮಾನಿಗೆ ಗಿರಾಕಿ ಇದ್ದರು. ಈಗ ನಮ್ಮಂಥ ನಾಲ್ಕು ಜನ.

ಕೊನೆಗೆ ಬಿಲ್ ಬಂತು. ದಪ್ಪ ಕಾಗದ, ಬಣ್ಣದ ಲೋಗೋ, ಜಿಎಸ್‌ಟಿ ನಂಬರ್ ಎಲ್ಲ ಇದೆ. ಒಳಗೆ ಮೂರೇ ಸಾಲು. ಬ್ರೇಕ್ ಪಾರ್ಟ್ಸ್ 12,800. ಲೇಬರ್ 6,000. ಕನ್ಸ್ಯೂಮಬಲ್ಸ್, ಅಂದರೆ ಸಣ್ಣಪುಟ್ಟ ಬಳಕೆ ಸಾಮಾನು, 700. ಮೇಲೆ ಶೇ 18 ಜಿಎಸ್‌ಟಿ 3,510. ಒಟ್ಟು 23,010 ರೂಪಾಯಿ.

ಲೆಕ್ಕದವನಿಗೆ ಇಂಥ ಬಿಲ್ ಕೊಟ್ಟರೆ ರಾತ್ರಿ ನಿದ್ದೆ ಬರುತ್ತದೆಯೇ? ಪಾರ್ಟ್ಸ್ ಅಂದರೆ ಯಾವ ಪಾರ್ಟ್ಸು ಅಂತ ಕೇಳಿದೆ. ಕೌಂಟರಿನ ಹುಡುಗ ನನ್ನನ್ನು ಒಂಥರಾ ನೋಡಿ, ಒಳಗೆ ಹೋಗಿ ಬಂದು, ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದುಕೊಟ್ಟ. ಹೊಸ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳ ಕಡೆ ತಳ್ಳುವ ಪಂಪು) 4,800, ಚಕ್ರದ ಹತ್ತಿರದ ವೀಲ್ ಸಿಲಿಂಡರ್‌ಗಳ ರಬ್ಬರ್ ಕಿಟ್ 2,400, ನಾಲ್ಕು ಚಕ್ರಕ್ಕೆ ಬ್ರೇಕ್ ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿ) 4,400, ಬ್ರೇಕ್ ಆಯಿಲ್ 1,200. ಕೂಡಿದರೆ ಸರಿಯಾಗಿ 12,800. ಬಿಚ್ಚಿದ ಹಳೆ ಸಾಮಾನು ಕೊಡಿ ಅಂದರೆ "ಸ್ಕ್ರ್ಯಾಪಿಗೆ ಹೋಯ್ತು ಸಾರ್". ದುಡ್ಡು ಕಟ್ಟಿ ಬಂದೆ. ಪೆಡಲ್ ಗಟ್ಟಿಯಾಗಿತ್ತು, ಅದೊಂದು ಸಮಾಧಾನ.

ಸಮಾಧಾನ ಮೂರು ವಾರ ಇತ್ತು.

ಜಯದೇವ ಸರ್ಕಲ್ ಹತ್ತಿರ, ಸಂಜೆ ಹೊತ್ತು, ಎಲ್ಲ ಕಡೆಯಿಂದ ಗಾಡಿಗಳು ನುಗ್ಗುವ ಸಮಯ. ಮುಂದೆ ಒಂದು ಆಟೋ ಗಕ್ಕನೆ ನಿಂತಿತು. ನಾನು ಬ್ರೇಕ್ ಒತ್ತಿದೆ, ಕಾಲು ಸೀದಾ ತಳಕ್ಕೆ ಹೋಯಿತು. ಮೆತ್ತನೆ ಹಾಸಿಗೆ ತುಳಿದ ಹಾಗೆ. ಮತ್ತೆ ಒತ್ತಿದೆ, ಮತ್ತೆ, ಮತ್ತೆ. ಪಕ್ಕದಲ್ಲಿ ನಮ್ಮ ಮನೆಯವರು, "ರೀ, ಯಾಕ್ರೀ ಕಾಲು ಕುಣಿಸ್ತಿದ್ದೀರಿ" ಅಂತಿದ್ದಾರೆ. ಎರಡನೇ ಗೇರಿಗೆ ಎಳೆದು, ಹ್ಯಾಂಡ್ ಬ್ರೇಕ್ ಹಾಕಿ, ಆಟೋದ ಹಿಂದೆ ಬರೆದಿದ್ದ ಮಕ್ಕಳ ಹೆಸರು ಓದುವಷ್ಟು ಹತ್ತಿರ ಹೋಗಿ ನಿಂತೆ. ಆಟೋದವನಿಗೆ ಗೊತ್ತೇ ಆಗಲಿಲ್ಲ. ನನ್ನ ಶರ್ಟು ಒದ್ದೆಯಾಗಿತ್ತು.

ಮೇಸ್ತ್ರಿಗೆ ಅಷ್ಟರಲ್ಲಿ ಕಣ್ಣು ವಾಸಿಯಾಗಿತ್ತು. ಅವರೇ ಮನೆಗೆ ಬಂದರು. ಬಾನೆಟ್ ಎತ್ತುವ ಮೊದಲೇ ನನ್ನನ್ನು ಸೀಟಿನಲ್ಲಿ ಕೂರಿಸಿ, "ಗಟ್ಟಿಯಾಗಿ ಒತ್ತಿ ಹಿಡೀರಿ, ಐವತ್ತರ ತನಕ ಎಣಿಸ್ರಿ" ಅಂದರು. ಇಪ್ಪತ್ತಕ್ಕೇ ಪೆಡಲ್ ತಳ ಸೇರಿತು. ಅವರು ಚಕ್ರಗಳನ್ನೆಲ್ಲ ಸುತ್ತಿ ಬಂದು, ಎಲ್ಲೂ ಒದ್ದೆ ಇಲ್ಲ, ಹಾಗಾದ್ರೆ ಎಣ್ಣೆ ಮಾಸ್ಟರ್ ಸಿಲಿಂಡರ್ ಒಳಗೇ ಹಿಂದಕ್ಕೆ ಹೋಗ್ತಿದೆ ಅಂದರು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಸೈಕಲ್ ಪಂಪಿನ ವಾಷರ್ ಸವೆದರೆ ಹ್ಯಾಂಡಲ್ ಸಲೀಸಾಗಿ ಇಳಿಯುತ್ತದೆ, ಟೈರಿಗೆ ಗಾಳಿ ಹೋಗುವುದಿಲ್ಲ. ಇದೂ ಅದೇ. ಒಳಗೊಂದು ರಬ್ಬರ್ ಕಪ್ ಇರುತ್ತದೆ. ಪೆಡಲ್ ಒತ್ತಿದಾಗ ಎಣ್ಣೆ ವಾಪಸ್ ನುಸುಳದಂತೆ ತಡೆದು ಚಕ್ರದ ಕಡೆ ತಳ್ಳುವುದು ಅದೇ. ಕಪ್ ಸವೆದರೆ ಎಣ್ಣೆ ಪಕ್ಕದಿಂದ ಹಿಂದಕ್ಕೆ ನುಸುಳುತ್ತದೆ, ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ನನ್ನ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಎಣ್ಣೆ ಲೈನು. ಈಗಿನ ಕಾರುಗಳ ಹಾಗೆ ಒಂದು ಕೈಕೊಟ್ಟರೆ ಇನ್ನೊಂದು ಅಂತ ಇಲ್ಲ. ಹೋದರೆ ಎಲ್ಲ ಒಟ್ಟಿಗೇ.

"ಹೊಸಾದು ಹಾಕ್ಸಿದೀನಿ ಅಂತೀರಲ್ಲ" ಅಂದರು ಮೇಸ್ತ್ರಿ, ಸಿಲಿಂಡರ್ ಬಿಚ್ಚಿ ಕೈಯಲ್ಲಿ ತಿರುಗಿಸುತ್ತಾ. ಕಪ್ಪಗೆ ಫಳಫಳ ಹೊಳೆಯುತ್ತಿತ್ತು. ಸ್ಕ್ರೂಡ್ರೈವರ್ ತುದಿಯಲ್ಲಿ ಒಮ್ಮೆ ಗೀರಿದರು. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು, ಕೆಳಗೆ ತುಕ್ಕು. ಪಿಸ್ಟನ್ ಹೊರಗೆಳೆದು ಒಳಗೆ ಟಾರ್ಚ್ ಬಿಟ್ಟು ನನ್ನನ್ನು ಕರೆದರು. ಒಳಗೋಡೆ ಹಳದಿ. ಹಿತ್ತಾಳೆಯ ಸ್ಲೀವ್, ಅಂದರೆ ಸವೆದ ಒಳಗೋಡೆಗೆ ಕೂರಿಸುವ ಕೊಳವೆ. "ನೋಡ್ರಿ ಸ್ವಾಮಿ, ಈ ಸ್ಲೀವ್ ನಾನೇ ಹಾಕ್ಸಿದ್ದು, ಹನ್ನೆರಡು ವರ್ಷ ಆತು. ಲೇತಿನಲ್ಲಿ ನಾನೇ ನಿಂತು ಕೊರೆಸಿದ್ದು. ಅಂಗಡಿಯಲ್ಲಿ ಸಿಗೋ ಹೊಸಾದಕ್ಕೆ ಹಿತ್ತಾಳೆ ಎಲ್ಲಿಂದ ಬರ್ತತಿ?" ರಬ್ಬರ್ ಕಪ್ ತೆಗೆದು ನನ್ನ ಅಂಗೈ ಮೇಲಿಟ್ಟರು. ಅಂಚು ಇಲಿ ಕಡಿದ ಚಪಾತಿಯ ಹಾಗಿತ್ತು. ಸಿಲಿಂಡರ್ ಹೋಗಲಿ, ಆ ಚೂರು ರಬ್ಬರನ್ನೂ ಅವರು ಬದಲಾಯಿಸಿರಲಿಲ್ಲ.

ಆಮೇಲೆ ಚಕ್ರ ಬಿಚ್ಚಿದರು. ಮುಂದಿನ ಎರಡಕ್ಕೆ ಶೂ ಹೊಸದು, ಒಪ್ಪುತ್ತೇನೆ. ಹಿಂದಿನ ಡ್ರಮ್ಮಿನ ಸ್ಕ್ರೂ ತುಕ್ಕು ಹಿಡಿದು ಕೂತಿತ್ತು. ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಕಾದು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತೆಗೆಯಬೇಕಾಯಿತು. ಮೂರು ವಾರದ ಹಿಂದೆ ಬಿಚ್ಚಿದ ಸ್ಕ್ರೂ ಹಾಗಿರುತ್ತದೆಯೇ? ಅದನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಒಳಗೆ ಹಳೆ ಶೂ, ಹಳೆ ಕಿಟ್, ವರ್ಷಗಳ ಧೂಳು.

ಇನ್ನು ಬ್ರೇಕ್ ಆಯಿಲ್. ಡಿಕ್ಕಿಯಲ್ಲಿ ಗ್ಯಾರೇಜಿನವರು ಮರೆತು ಬಿಟ್ಟಿದ್ದ ಖಾಲಿ ಬಾಟಲಿ ಸಿಕ್ಕಿತು. ಅರ್ಧ ಲೀಟರಿನದು, ಎಂಆರ್‌ಪಿ 240 ರೂಪಾಯಿ. ನನಗೆ ಹಾಕಿದ್ದು 1,200. ಅಂದರೆ ಐದು ಬಾಟಲಿ, ಎರಡೂವರೆ ಲೀಟರ್! ಹಳೆಯದನ್ನೆಲ್ಲ ಹೊರಗೆ ಹಾಕಿ, ಹೊಸದು ತುಂಬಿಸಿ, ಲೈನಿನಲ್ಲಿ ಸಿಕ್ಕಿಕೊಂಡ ಗಾಳಿ (ಏರ್) ತೆಗೆದರೂ ಒಂದು ಲೀಟರ್ ಮೇಲೆ ಬೇಕಾಗುವುದಿಲ್ಲ. ನನ್ನ ಫಿಯಟ್ಟು ಬ್ರೇಕ್ ಆಯಿಲ್ ಕುಡಿಯುತ್ತದೆಯೇನೋ.

ಅದೇ ಬಾಟಲಿ ಇನ್ನೊಂದು ವಿಷಯ ಹೇಳುತ್ತದೆ, ಇದನ್ನು ಓದುಗರು ದಯವಿಟ್ಟು ಗಮನಿಸಿ. ಎಂಆರ್‌ಪಿ ಪಕ್ಕದಲ್ಲೇ ಎಲ್ಲ ತೆರಿಗೆ ಸೇರಿ ಅಂತ ಅಚ್ಚಾಗಿರುತ್ತದೆ. ಅಂದರೆ ಜಿಎಸ್‌ಟಿ ಅದರೊಳಗೇ ಇದೆ. ಎಂಆರ್‌ಪಿ ದರವನ್ನೇ ಬಿಲ್ಲಿಗೆ ಹಾಕಿ, ಅದರ ಮೇಲೆ ಮತ್ತೆ ಶೇ 18 ಸೇರಿಸುವಂತಿಲ್ಲ. ಪ್ಯಾಕ್ ಆದ ಸಾಮಾನನ್ನು ಎಂಆರ್‌ಪಿಗಿಂತ ಜಾಸ್ತಿಗೆ ಮಾರಿದರೆ ಅದು ತೂಕ-ಅಳತೆ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಕೇಸು. ಕೂಲಿಗೆ ಜಿಎಸ್‌ಟಿ ಹಾಕುವುದು ಬೇರೆ ಮಾತು, ನೋಂದಣಿ ಇರುವವರು ಹಾಕಬಹುದು. ನಾವು ಏನು ಮಾಡುತ್ತೇವೆ? ಕೊನೆಯಲ್ಲಿ ಜಿಎಸ್‌ಟಿ ಅಂತ ಕಂಡರೆ ಸರ್ಕಾರಕ್ಕೆ ಹೋಗುವ ದುಡ್ಡು ಅಂದುಕೊಂಡು ಸುಮ್ನೆ ಕಟ್ಟಿ ಬರುತ್ತೇವೆ. ಇನ್ನೊಂದು ತಮಾಷೆ ಅಂದರೆ, ರೇಟು ಯಾಕಿಷ್ಟು ಅಂತ ಕೇಳಿದ್ದಕ್ಕೆ ಆ ಕೌಂಟರಿನ ಹುಡುಗ "ಜಿಎಸ್‌ಟಿ ಜಾಸ್ತಿ ಆಗಿದೆ ಸಾರ್" ಅಂದಿದ್ದ. ಬಿಡಿಭಾಗಗಳ ಮೇಲೆ ಶೇ 28 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಅವನ ಬಿಲ್ಲಿನಲ್ಲೇ 18 ಅಂತ ಇದೆ!

ಗ್ಯಾರೇಜಿಗೆ ವಾಪಸ್ ಹೋದೆ. ಕೈಯಲ್ಲಿ ಬಣ್ಣ ಕಿತ್ತ ಸಿಲಿಂಡರ್. ಮ್ಯಾನೇಜರು "ಹಳೆ ಗಾಡಿ ಸಾರ್, ಗ್ಯಾರಂಟಿ ಕೊಡಕ್ಕಾಗಲ್ಲ" ಅಂದರು. ನಾನು ಗ್ಯಾರಂಟಿ ಕೇಳಿಯೇ ಇರಲಿಲ್ಲ. ಹೊಸದು ಅಂತ ದುಡ್ಡು ತಗೊಂಡಿರಲ್ಲ, ಹೊಸದು ಎಲ್ಲಿ ಅಂತ ಕೇಳಿದ್ದೆ. ಮೆಕ್ಯಾನಿಕ್ ಕೆಲಸ ಬಿಟ್ಟು ಹೋಗಿದ್ದಾನೆ, ವಿಚಾರಿಸುತ್ತೇವೆ ಅಂದರು. ಮನೆಗೆ ಬಂದು 1915ಕ್ಕೆ ಫೋನ್ ಮಾಡಿದೆ, ಅದು ಕೇಂದ್ರದ ಗ್ರಾಹಕ ಸಹಾಯವಾಣಿ. ದೂರು ಬರೆದುಕೊಂಡು ನಂಬರ್ ಕೊಟ್ಟರು. ಎಂಟನೇ ದಿನಕ್ಕೆ ಗ್ಯಾರೇಜಿನಿಂದಲೇ ಫೋನು, ಈ ಸಲ ಬಹಳ ಮರ್ಯಾದೆಯಿಂದ. ಹೋದರೆ 4,800 ರೂಪಾಯಿ ಕವರಿನಲ್ಲಿ ಹಾಕಿ ಕೊಟ್ಟರು, ಮಾಸ್ಟರ್ ಸಿಲಿಂಡರಿನ ದುಡ್ಡು. ಅದರ ಮೇಲೆ ಹಾಕಿದ್ದ 864 ರೂಪಾಯಿ ಜಿಎಸ್‌ಟಿ? "ಅದು ಸರ್ಕಾರಕ್ಕೆ ಹೋಗಿಬಿಟ್ಟಿದೆ ಸಾರ್." ಹಾಕದ ಹಿಂದಿನ ಶೂ, ಕಿಟ್ಟುಗಳದ್ದು? ಅದನ್ನು ಆಮೇಲೆ ನೋಡೋಣ. ಹಾಗಾದರೆ ಕ್ರೆಡಿಟ್ ನೋಟ್ ಕೊಡಿ, ಕೊಟ್ಟ ಬಿಲ್ಲಿನಲ್ಲಿ ಕಡಿಮೆ ಮಾಡಿದ್ದಕ್ಕೆ ಕಾಗದ ಬೇಕಲ್ಲ ಅಂದೆ. ಸೋಮವಾರ ಬನ್ನಿ ಅಂದರು. ಈ ಪತ್ರ ಬರೆಯುವಾಗ ಮೂರು ಸೋಮವಾರ ಆಗಿದೆ.

ಗ್ರಾಹಕರ ಆಯೋಗಕ್ಕೆ ಹೋಗಬಹುದು. ಎರಡು ವರ್ಷದ ಒಳಗೆ ದೂರು ಕೊಡಬೇಕು, ಐದು ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕವೂ ಇಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ರಕ್ಷಣೆ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ಒಂದು ತಪ್ಪು ವ್ಯಾಪಾರ ಅಂತ ಬರೆದಿದೆ. ಆದರೆ ಇವರು ಬಿಲ್ ಕೊಟ್ಟಿದ್ದಾರಲ್ಲ! ನನಗೆ ಹೊಟ್ಟೆ ಉರಿಯುವುದು ಅಲ್ಲೇ. ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿನಲ್ಲಿ ನೂರು ರೂಪಾಯಿ ಬಿಲ್ಲಿಗೆ ದೋಸೆ ಬೇರೆ, ಎಕ್ಸ್ಟ್ರಾ ಬೆಣ್ಣೆ ಬೇರೆ, ಕಾಫಿ ಬೇರೆ ಅಂತ ಬರೆಯುತ್ತಾರೆ. ಇಪ್ಪತ್ಮೂರು ಸಾವಿರದ ಬಿಲ್ಲಿಗೆ, ಅದೂ ಜೀವ ಉಳಿಸುವ ಬ್ರೇಕಿನ ಬಿಲ್ಲಿಗೆ, ಮೂರು ಸಾಲು.

ಮೇಸ್ತ್ರಿಯ ಖರ್ಚು ಹೇಳಿಬಿಡುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ ಪಾರ್ಸೆಲ್‌ನಲ್ಲಿ ನಿಜವಾಗಲೂ ಹೊಸ ಮಾಸ್ಟರ್ ಸಿಲಿಂಡರ್ ತರಿಸಿದೆವು, 3,100. ರಬ್ಬರ್ ಕಿಟ್ 780. ಹಿಂದಿನ ಹಳೆ ಶೂಗಳಿಗೇ ಹೊಸ ಲೈನರ್ (ಡ್ರಮ್ಮಿಗೆ ಉಜ್ಜುವ ಮೇಲ್ಪದರ) ಹೊಡೆಸಿದ್ದು 900. ಬ್ರೇಕ್ ಆಯಿಲ್ ಎರಡು ಬಾಟಲಿ 480. ಅವರ ಕೂಲಿ 1,800. ಒಟ್ಟು 7,060. ನಾನು ಪೆಡಲ್ ಒತ್ತುತ್ತಾ, ಅವರು ಚಕ್ರದ ಹತ್ತಿರ ಮಲಗಿ "ಒತ್ರಿ... ಹಿಡೀರಿ... ಬಿಡ್ರಿ" ಅನ್ನುತ್ತಾ ಏರ್ ತೆಗೆಯುವುದಕ್ಕೇ ಒಂದು ಗಂಟೆ ಹಿಡಿಯಿತು. ಬಿಚ್ಚಿದ್ದನ್ನೆಲ್ಲ ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿ ನನ್ನ ಮುಂದೆ ಇಟ್ಟು ಹೋದರು, ಯಾವಾಗಲೂ ಹಾಗೇ. ಹೋಗುವಾಗ ಒಂದು ಮಾತು ಹೇಳಿದರು: ಗಾಡಿ ಓಡಿಸದೆ ನಿಲ್ಲಿಸಿದರೂ ಬ್ರೇಕ್ ಆಯಿಲ್ ಹಾಳಾಗುತ್ತದೆ, ಮಳೆಗಾಲದ ಉಪ್ಪಿನ ಹಾಗೆ ಗಾಳಿಯಲ್ಲಿನ ನೀರು ಎಳೆದುಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ. ಮಗ ಇಂಟರ್ನೆಟ್ಟಿನಲ್ಲಿ ನೋಡಿ ಹೌದು ಅಂದ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 205 ಡಿಗ್ರಿ ತನಕ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದಂತೆ.

ಹಾಗಂತ ಮರದ ಕೆಳಗಿನವರೆಲ್ಲ ಸಾಚಾ, ಗಾಜಿನ ಬಾಗಿಲಿನವರೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ. ನಮ್ಮ ಮೇಸ್ತ್ರಿಯೂ ಇಷ್ಟು ವರ್ಷದಲ್ಲಿ ಒಂದು ಚೀಟಿ ಕೊಟ್ಟವರಲ್ಲ. ಬೇರಿಂಗ್ ಡಬ್ಬಿಯ ಹಿಂದೆ ಮೊತ್ತ ಬರೆದು ತೋರಿಸುತ್ತಾರೆ, ಡಬ್ಬಿಯನ್ನು ಎಸೆಯುತ್ತಾರೆ. ನಾಳೆ ಅವರ ಕೆಲಸದಲ್ಲೇ ಎಡವಟ್ಟಾದರೆ ನನ್ನ ಕೈಯಲ್ಲಿ ಏನಿದೆ? ತಪ್ಪು ನನ್ನದೂ ಇದೆ, ಬರೆಯಲು ನಾಚಿಕೆ ಏನು. "ಬಿಲ್ ಬೇಡ, ಕಮ್ಮಿ ಮಾಡ್ಕೊಳ್ರಿ" ಅಂತ ನಾನೇ ಎಷ್ಟು ಸಲ ಹೇಳಿಲ್ಲ, ಈ ಊರಲ್ಲಿ ಹೇಳದವರು ಯಾರಿದ್ದಾರೆ?

ಗ್ಯಾರೇಜಿನವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಸಾಮಾನಿನ ಹೆಸರು, ಎಷ್ಟು, ಯಾವ ದರ, ಕೂಲಿ ಬೇರೆ. ಬಿಚ್ಚಿದ ಹಳೆಯದು ಡಿಕ್ಕಿಯಲ್ಲಿರಲಿ, ಹೊಸದರ ಖಾಲಿ ಡಬ್ಬಿಯೂ ಇರಲಿ. ಜಿಎಸ್‌ಟಿ ನಂಬರ್ ಇಲ್ಲದ ಸಣ್ಣ ಮೇಸ್ತ್ರಿ ಜಿಎಸ್‌ಟಿ ಹಾಕುವ ಹಾಗಿಲ್ಲ ನಿಜ, ಆದರೆ ತಾರೀಖು ಹಾಕಿ ಸಹಿ ಮಾಡಿದ ಚೀಟಿ ಕೊಡಬಾರದು ಅಂತ ಯಾರೂ ಹೇಳಿಲ್ಲ. ಹಳೆ ಗಾಡಿ ಇಟ್ಟವರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಮುಂದಿನ ಸಲ ಬಿಚ್ಚುವವನಿಗೆ ಹಿಂದೆ ಏನು ಹಾಕಿದೆ ಅಂತ ಗೊತ್ತಾಗುವುದು ಆ ಕಾಗದದಿಂದಲೇ. ಆ ಹಿತ್ತಾಳೆ ಸ್ಲೀವ್ ಮೇಸ್ತ್ರಿಯ ನೆನಪಿನಲ್ಲಿ ಇಲ್ಲದಿದ್ದರೆ ನಾನು ಇವತ್ತಿಗೂ ಅದನ್ನು ಹೊಸ ಸಿಲಿಂಡರ್ ಅಂತಲೇ ನಂಬಿಕೊಂಡಿರುತ್ತಿದ್ದೆ.

ಕಳೆದ ವಾರ ಮಂಡಿಪೇಟೆಯಲ್ಲಿ ಒಂದು ಬಿಲ್ ಬುಕ್ ತಗೊಂಡು, ನಡುವೆ ಇಡಲು ಕಾರ್ಬನ್ ಹಾಳೆಯನ್ನೂ ಸೇರಿಸಿ ಮೇಸ್ತ್ರಿಗೆ ಕೊಟ್ಟೆ. ಮೊದಲ ಪುಟ ನನ್ನ ಗಾಡಿಯದೇ ಆಗಲಿ ಅಂದೆ. ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ಯೋಚಿಸಿ ಬರೆದರು: "ಬ್ರೇಕ್ ಕೆಲಸ, 1,800." ಕೆಳಗೆ ಸಹಿ. ಅಷ್ಟೇ. ಆ ಪುಟ ಹರಿದು, ಪಕ್ಕದಲ್ಲಿ ಕೂತು ಮತ್ತೊಮ್ಮೆ ಬರೆಸಿದೆ, ಏಳು ಸಾಲು ಬಂತು.

– ಫಿಯಟ್ ಇಟ್ಟುಕೊಂಡ ಒಬ್ಬ ಓದುಗ
ವಿದ್ಯಾನಗರ, ದಾವಣಗೆರೆ